ಮೂರು ರಾಜರು ಮತ್ತು ನಮ್ಮಣ್ಣ

2025ರ ಏಪ್ರಿಲ್. ಆ ವರ್ಷ ರೊಬಸ್ಟಾ ಕಾಫಿಗೆ ಬಂದ ರೇಟನ್ನು ನಮ್ಮ ಗೋಣಿಬೀಡಿನ ಕಡೆ ಯಾರೂ ಕನಸಲ್ಲೂ ಕಂಡಿರಲಿಲ್ಲ. ಮೆಣಸು ಕೊಯ್ಲೂ ಮುಗಿದು, ಹೂಮಳೆಯೂ ಬಿದ್ದು, ಕೈಯಲ್ಲಿ ಸ್ವಲ್ಪ ದುಡ್ಡು, ಸ್ವಲ್ಪ ಪುರಸೊತ್ತು ಎರಡೂ ಇದ್ದ ನಮ್ಮ ದೊಡ್ಡಪ್ಪನ ಮಗ ಒಂದು ರಾತ್ರಿ ಫೋನ್ ಮಾಡಿದ. "ಲೋ, ಬೆಂಗ್ಳೂರಲ್ಲಿ ಕೂತು ಅದೆಂತದೋ ಪೋಕರ್ ಆಡ್ತೀಯಂತಲ್ಲ. ಗೋವಾಕ್ಕೆ ಹೋಗಣ ಕಣೋ. ನಂಗೂ ಹೇಳ್ಕೊಡು."

ಹೋದೆವು. ಮಾಂಡವಿ ನದಿಯಲ್ಲಿ ನಿಂತಿರುವ ಹಡಗುಗಳಲ್ಲಿ ಒಂದು. ಯಾವುದು ಅನ್ನೋದು ಈ ಕಥೆಗೆ ಬೇಕಿಲ್ಲ. ಸಣ್ಣ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಹಡಗಿಗೆ ಹತ್ತಿಸುತ್ತಾರೆ. ಗೋವಾದವರಿಗೇ ಅಲ್ಲಿ ಆಡಲು ಬಿಡುವುದಿಲ್ಲ, 2020ರ ಫೆಬ್ರವರಿಯಿಂದ ಅಲ್ಲಿನ ಸರ್ಕಾರದ ನಿಯಮ ಅದು. ಹಾಗಾಗಿ ಟೇಬಲ್ ಸುತ್ತ ಕೂತವರೆಲ್ಲ ನಮ್ಮ ಹಾಗೆ ಹೊರಗಿನವರೇ.

ನಾನು ಇಪ್ಪತ್ತು ಸಾವಿರ ಕೊಟ್ಟು ಚಿಪ್ಸ್ ತಗೊಂಡು ಕೂತೆ. ಅಣ್ಣ ನನ್ನ ಬಲಕ್ಕೆ. ಎರಡು ಗಂಟೆಯಲ್ಲಿ ನನಗೆ ಒಂದು ಅನುಮಾನ ಶುರುವಾಯಿತು. ಎದುರು ಕೂತ ಇಬ್ಬರು, ಒಬ್ಬ ದಪ್ಪ ಕನ್ನಡಕದವನು, ಇನ್ನೊಬ್ಬ ಬಿಳಿ ಟೀ ಶರ್ಟಿನವನು, ಜೊತೆಗೂಡಿ ಆಡ್ತಿದ್ದಾರೆ ಅಂತ. ಕನ್ನಡಕದವನು ಸಾವಿರ ಕಟ್ಟುತ್ತಾನೆ, ನಾನು ಸಾವಿರ ಹಾಕ್ತೀನಿ, ಟೀ ಶರ್ಟಿನವನು ಅದನ್ನ ನಾಲ್ಕು ಸಾವಿರ ಮಾಡ್ತಾನೆ. ಕನ್ನಡಕದವನು ಒಂದು ಕ್ಷಣ ಯೋಚಿಸಿದ ಹಾಗೆ ಮಾಡಿ ಒಂಬತ್ತು ಸಾವಿರ ಅನ್ನುತ್ತಾನೆ. ನಾನು ಎಲೆ ಬಿಸಾಕ್ತೀನಿ. ನಾನು ಹೊರಗೆ ಹೋದ ಕೂಡಲೇ ಇಬ್ಬರ ಜೋರೂ ಇಳಿದುಹೋಗುತ್ತೆ. ಹೀಗೆ ಮೂರು ಸಲ ಆಯ್ತು.

ಇದಕ್ಕೆ ಪೋಕರ್ ಆಡುವವರಲ್ಲಿ ಬೇರೆ ಬೇರೆ ಹೆಸರುಗಳಿವೆ. ಕನ್ನಡದಲ್ಲಿ ಒಂದೇ ಪದ ಸಾಕು: ಶಾಮೀಲು. ಇಬ್ಬರು ಶಾಮೀಲಾದರೆ ಮಾಡಬಹುದಾದದ್ದು ಬಹಳ ಇದೆ. ಕೈಯಲ್ಲಿರುವ ಎಲೆಯನ್ನು ಸನ್ನೆಯಲ್ಲಿ ತಿಳಿಸಬಹುದು. ಮಧ್ಯದಲ್ಲಿ ಸಿಕ್ಕವನನ್ನು ಎರಡೂ ಕಡೆಯಿಂದ ಹಿಂಡಬಹುದು. ಒಬ್ಬ ಬೇಕಂತಲೇ ಸೋತು ತನ್ನ ಚಿಪ್ಸನ್ನು ಇನ್ನೊಬ್ಬನಿಗೆ ದಾಟಿಸಬಹುದು. ಇದ್ಯಾವುದೂ ಬೇಡ ಅಂದರೆ, ಒಬ್ಬರ ಮೇಲೊಬ್ಬರು ಮೆತ್ತಗೆ ಆಡಿಕೊಂಡು ಮೂರನೆಯವನ ಮೇಲೆ ಮಾತ್ರ ಗಟ್ಟಿಯಾಗಿ ಆಡಬಹುದು. ಕ್ಯಾಸಿನೋಗೆ ಇದರಿಂದ ತಕ್ಷಣದ ನಷ್ಟ ಏನೂ ಇಲ್ಲ. ಪೋಕರ್‌ನಲ್ಲಿ ಆಟಗಾರರು ಆಡುವುದು ಕ್ಯಾಸಿನೋ ವಿರುದ್ಧ ಅಲ್ಲ, ಒಬ್ಬರ ವಿರುದ್ಧ ಒಬ್ಬರು. ಕ್ಯಾಸಿನೋ ಪ್ರತಿ ಆಟದಿಂದ ತನ್ನ ಪಾಲು ಎತ್ತಿಕೊಳ್ಳುತ್ತದೆ, ಅಷ್ಟೇ. ಶಾಮೀಲಿನಿಂದ ಕಳೆದುಕೊಳ್ಳುವವನು ಟೇಬಲ್ಲಿನ ಇನ್ನೊಬ್ಬ ಆಟಗಾರ. ಆವತ್ತು ಅದು ನಾನು ಅಂದುಕೊಂಡೆ.

ಮ್ಯಾನೇಜರನ್ನು ಕರೆದು ಹೇಳೋಣ ಅಂತ ಎದ್ದೆ. ಅಷ್ಟರಲ್ಲಿ ಮ್ಯಾನೇಜರೇ ನಮ್ಮ ಟೇಬಲ್ ಹತ್ತಿರ ಬಂದ. ಬಂದು ಬಹಳ ವಿನಯವಾಗಿ ಹಿಂದಿಯಲ್ಲಿ ಹೇಳಿದ: ಆಟ ನಡೆಯುವಾಗ ದಯವಿಟ್ಟು ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲೇ ಮಾತಾಡಿ ಸರ್, ಎಲೆ ಕೈಯಲ್ಲಿರುವಾಗ ಇನ್ನೊಬ್ಬರ ಜೊತೆ ಮಾತು ಬೇಡ. ಇಡೀ ಟೇಬಲ್‌ಗೆ ಹೇಳಿದ. ಆದರೆ ಆ ಟೇಬಲ್‌ನಲ್ಲಿ ಬೇರೆಯವರಿಗೆ ಅರ್ಥವಾಗದ ಭಾಷೆ ಮಾತಾಡ್ತಾ ಇದ್ದವರು ಇಬ್ಬರೇ. ನಾನು ಮತ್ತು ನಮ್ಮಣ್ಣ.

ದೂರು ಕೊಟ್ಟವರು ನನ್ನ ಎಡಕ್ಕಿದ್ದ ಪುಣೆಯ ಹಿರಿಯರೊಬ್ಬರು. ಅವರು ಅದಕ್ಕೆ ಸ್ವಲ್ಪ ಮುಂಚೆ ನಮ್ಮ ಜೊತೆ ಒಂದು ಆಟ ಆಡಿದ್ದರು. ಆ ಆಟವನ್ನು ಪೂರ್ತಿ ಹೇಳ್ತೀನಿ, ಪೋಕರ್ ಗೊತ್ತಿಲ್ಲದವರೂ ಒಂದು ನಿಮಿಷ ತಾಳ್ಮೆಯಿಂದ ಓದಿ.

ಪ್ರತಿಯೊಬ್ಬರಿಗೂ ಎರಡೆರಡು ಎಲೆ ಮುಚ್ಚಿ ಕೊಡುತ್ತಾರೆ. ಆಮೇಲೆ ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ ಬಿಚ್ಚುತ್ತಾರೆ. ಮೊದಲು ಮೂರು, ಆಮೇಲೆ ಒಂದು, ಆಮೇಲೆ ಇನ್ನೊಂದು. ಪ್ರತಿ ಸಲವೂ ದುಡ್ಡು ಕಟ್ಟಬಹುದು. ನನಗೆ ಬಂದಿದ್ದು ಎರಡು ರಾಜ. ಹಿರಿಯರು, ಅಣ್ಣ, ನಾನು ಮೂವರೂ ಐನೂರು ಹಾಕಿದೆವು. ಮಧ್ಯದಲ್ಲಿ ರಾಜ, ಒಂಬತ್ತು, ನಾಲ್ಕು ಬಿತ್ತು. ಅಂದರೆ ನನ್ನ ಬಳಿ ಮೂರು ರಾಜ. ಹಿರಿಯರು ಎಂಟುನೂರು ಕಟ್ಟಿದರು, ಅಣ್ಣ ಹಾಕಿದ, ನಾನು ಎರಡು ಸಾವಿರ ಮಾಡಿದೆ. ಇಬ್ಬರೂ ಕೊಟ್ಟರು. ನಾಲ್ಕನೆಯ ಎಲೆ ಏಳು. ಅವರಿಬ್ಬರೂ ಸುಮ್ಮನಾದರು, ನಾನು ನಾಲ್ಕು ಸಾವಿರ ಕಟ್ಟಿದೆ. ಹಿರಿಯರು ಎಲೆ ಬಿಸಾಕಿ ಹೊರಗೆ ಹೋದರು, ಅಣ್ಣ ಕೊಟ್ಟ. ಕೊನೆಯ ಎಲೆ ಎರಡು. ಈಗ ಉಳಿದವರು ನಾನು ಮತ್ತು ಅಣ್ಣ.

ಅಣ್ಣ ಟೇಬಲ್ ತಟ್ಟಿ "ಚೆಕ್" ಅಂದ. ನನ್ನ ಸರದಿ. ಆ ಐದು ಎಲೆಗಳ ಜೊತೆ ನನ್ನ ಮೂರು ರಾಜನನ್ನು ಸೋಲಿಸುವ ಕೈ ಆ ಕಟ್ಟಿನಲ್ಲೇ ಇರಲಿಲ್ಲ. ಎಷ್ಟು ಕಟ್ಟಿದರೂ ನಾನು ಸೋಲುವ ಪ್ರಶ್ನೆಯೇ ಇಲ್ಲ. ನಾನು ಏನು ಮಾಡಿದೆ? ಟೇಬಲ್ ತಟ್ಟಿ "ಚೆಕ್" ಅಂದೆ. ಅಣ್ಣನ ದುಡ್ಡು ಇನ್ನೂ ಯಾಕೆ ಎಳೀಬೇಕು ಅಂತ.

ಎಲೆ ಬಿಚ್ಚಿದಾಗ ಹಿರಿಯರು ನನ್ನ ಮೂರು ರಾಜನನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಅವರಿದ್ದಾಗ ನಾಲ್ಕು ಸಾವಿರ ಕಟ್ಟಿದವನು ಅವರು ಹೋದ ಮೇಲೆ ಅಣ್ಣನಿಗೆ ಒಂದು ರೂಪಾಯಿಯನ್ನೂ ಕಟ್ಟಲಿಲ್ಲ. ಎಷ್ಟೋ ಪೋಕರ್ ಟೂರ್ನಮೆಂಟುಗಳಲ್ಲಿ, ಸೋಲಿಸಲಾಗದ ಕೈ ಇಟ್ಟುಕೊಂಡು ಕೊನೆಯ ಸರದಿಯಲ್ಲಿ ಸುಮ್ಮನಿದ್ದರೆ ಅದಕ್ಕೇ ದಂಡ ಹಾಕುತ್ತಾರೆ. ಆ ವಿಷಯ ನನಗೆ ಗೊತ್ತಿತ್ತು. ಗೊತ್ತಿದ್ದೂ ತಟ್ಟಿದೆ.

ಮಿಕ್ಕಿದ್ದನ್ನೂ ಹೇಳಿಬಿಡ್ತೀನಿ. ಆ ರಾತ್ರಿ ಊಟಕ್ಕೆ ಕೂತಾಗ ಅಣ್ಣನಿಗೆ ಆ ಆಟದಲ್ಲಿ ಹೋಗಿದ್ದ ಆರೂವರೆ ಸಾವಿರವನ್ನು ವಾಪಸ್ ಕೊಟ್ಟೆ. "ನಮ್ ದುಡ್ಡು ನಮ್ಮಲ್ಲೇ ಇರ್ಲಿ ಬಿಡು" ಅಂತ ಇಬ್ಬರೂ ನಕ್ಕೆವು. ರೂಮಿಗೆ ಹೋಗಿ ಮಲಗಿದ ಮೇಲೆ ತಲೆಯಲ್ಲಿ ಲೆಕ್ಕ ಶುರುವಾಯಿತು. ಅಣ್ಣನಿಗೆ ನಷ್ಟ ಸೊನ್ನೆ. ನನಗೆ ಲಾಭ ಎರಡೂವರೆ ಸಾವಿರ, ಕ್ಯಾಸಿನೋ ಪಾಲು ಬಿಟ್ಟು. ಹಿರಿಯರಿಗೆ ನಷ್ಟ ಎರಡೂವರೆ ಸಾವಿರ. ಮೂವರು ಕೂತು ಆಡಿದ ಆಟದಲ್ಲಿ ನಿಜವಾಗಿ ದುಡ್ಡು ಪಣಕ್ಕಿಟ್ಟಿದ್ದವರು ಅವರೊಬ್ಬರೇ ಅಂತಾಯ್ತಲ್ಲ?

ನಾನೂ ಅಣ್ಣನೂ ಯಾವ ಒಪ್ಪಂದವನ್ನೂ ಮಾಡಿಕೊಂಡಿರಲಿಲ್ಲ. ಸನ್ನೆ ಇಲ್ಲ, ಸಂಚು ಇಲ್ಲ. ಪೊಲೀಸರು ಕೂರಿಸಿ ಕೇಳಿದ್ದರೂ ಪ್ರಾಮಾಣಿಕವಾಗಿ ಇಲ್ಲ ಅಂತಲೇ ಹೇಳ್ತಿದ್ದೆವು. ಆದರೆ ಹಿರಿಯರ ಜೇಬಿನ ಕಡೆಯಿಂದ ನೋಡಿದರೆ ಒಪ್ಪಂದ ಇದ್ದಿದ್ದರೂ ಆಗ್ತಿದ್ದದ್ದು ಅದೇ.

*

ನಮ್ಮೂರಲ್ಲಿ ಇಸ್ಪೀಟು ಹೊಸದಲ್ಲ. ಮಳೆಗಾಲದಲ್ಲಿ ತೋಟದ ಕೆಲಸ ನಿಂತಾಗ ಜಗಲಿಯ ಮೇಲೆ ಕಂಬಳಿ ಹಾಸಿ ಇಪ್ಪತ್ತೆಂಟು ಆಡುತ್ತಿದ್ದರು. ಗೊತ್ತಿಲ್ಲದವರಿಗೆ: ಮೂವತ್ತೆರಡು ಎಲೆ, ನಾಲ್ಕು ಜನ, ಎದುರುಬದುರು ಕೂತವರು ಜೋಡಿ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೆ ಒಂದು, ಹತ್ತಕ್ಕೆ ಒಂದು. ಒಟ್ಟು ಇಪ್ಪತ್ತೆಂಟು. ತುರುಪು ಯಾವುದು ಅಂತ ಇಟ್ಟವನೊಬ್ಬನಿಗೇ ಗೊತ್ತು. ಜೋಡಿಯ ಕೈಯಲ್ಲಿ ಏನಿದೆ ಅಂತ ಊಹೆ ಮಾಡುವುದೇ ಆಟ. ಹಾಗಾಗಿ ಸನ್ನೆ ಮಾಡುವ ಆಸೆಯೂ ಆ ಆಟದ ಜೊತೆಗೇ ಹುಟ್ಟಿದ್ದು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಆಷಾಢದ ಮಧ್ಯಾಹ್ನ ನಮ್ಮಪ್ಪ ಎಲೆಗಳನ್ನು ಕಂಬಳಿ ಮೇಲೆ ಎಸೆದು ಎದ್ದರು. ಎದುರು ಜೋಡಿಯಲ್ಲಿದ್ದವರು ಪಕ್ಕದ ತೋಟದವರು, ಅಪ್ಪನ ಬಾಲ್ಯದ ಸ್ನೇಹಿತರು. "ನೀನು ಕಿವಿ ಕೆರ್ಕಂಡಾಗೆಲ್ಲ ಅವ್ನು ಆಟಿನ್ ಇಳೀತಾನೆ. ನಾನೇನ್ ಕುರುಡ ಅಂದ್ಕಂಡ್ಯಾ?" ಎಲ್ಲರೆದುರು, ಆಳುಗಳೆದುರು, ಕಾಫಿ ತಂದ ಅವ್ವನೆದುರು. ಅವರು ಏನೂ ಉತ್ತರ ಕೊಡಲಿಲ್ಲ. ಗೊರಗ ಹಾಕಿಕೊಂಡು ಮಳೆಯಲ್ಲೇ ಹೋದರು. ಆಟಕ್ಕೆ ಇದ್ದ ಪಣ ಎರಡು ರೂಪಾಯಿ.

ಆಮೇಲೆ ಅವರು ನಮ್ಮ ಜಗಲಿ ಹತ್ತಲಿಲ್ಲ. ಎರಡೂ ತೋಟಕ್ಕೆ ಒಂದೇ ಹಳ್ಳ, ಬೇಸಿಗೆಯಲ್ಲಿ ಒಂದೇ ಮೋಟರಿನಲ್ಲಿ ಸ್ಪ್ರಿಂಕ್ಲರ್ ಹೊಡೆಯುತ್ತಿದ್ದವರು ಬೇರೆ ಬೇರೆ ಮೋಟರ್ ತಂದರು. ಮದುವೆ ಕಾಗದ ಬೇರೆಯವರ ಕೈಯಲ್ಲಿ ಬರುತ್ತಿತ್ತು. ಅವರು ನಿಜವಾಗಿ ಸನ್ನೆ ಮಾಡಿದ್ದರಾ? ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಎಲ್ಲರೂ ಏನಾದರೂ ಕೆರೆದುಕೊಳ್ಳುತ್ತಲೇ ಇರ್ತಾರೆ.

*

ಎಂಜಿನಿಯರ್ ಆದವನಿಗೆ ಒಂದು ಚಟ, ಏನನ್ನಾದರೂ ಲೆಕ್ಕಕ್ಕೆ ಹಾಕಿ ನೋಡುವುದು. ಒಂದು ಪೋಕರ್ ಟೇಬಲ್‌ನಲ್ಲಿ ಒಂಬತ್ತು ಜನ. ಅವರಲ್ಲಿ ಇಬ್ಬಿಬ್ಬರ ಜೋಡಿ ಎಷ್ಟು ಮಾಡಬಹುದು? ಮೂವತ್ತಾರು. ಎಲ್ಲರೂ ಪ್ರಾಮಾಣಿಕರೇ ಅಂತ ಇಟ್ಟುಕೊಳ್ಳಿ. ಒಂದು ರಾತ್ರಿಯಲ್ಲಿ ಒಂದು ಜೋಡಿಯ ಆಟ ಬರೀ ಕಾಕತಾಳೀಯವಾಗಿ ಶಾಮೀಲಿನ ಹಾಗೆ ಕಾಣುವ ಸಾಧ್ಯತೆ ಐವತ್ತರಲ್ಲಿ ಒಂದು ಮಾತ್ರ ಅಂತಲೂ ಇಟ್ಟುಕೊಳ್ಳಿ. ಆಗ ಮೂವತ್ತಾರು ಜೋಡಿಗಳಲ್ಲಿ ಕನಿಷ್ಠ ಒಂದಾದರೂ ಹಾಗೆ ಕಾಣುವ ಸಾಧ್ಯತೆ ಸುಮಾರು 52 ಪರ್ಸೆಂಟ್. ಅಂದರೆ ಒಬ್ಬನೇ ಒಬ್ಬ ಕಳ್ಳನಿಲ್ಲದ ಟೇಬಲ್‌ನಲ್ಲೂ ಎರಡು ರಾತ್ರಿಗೊಮ್ಮೆ ಯಾರೋ ಇಬ್ಬರು ಕಳ್ಳರ ಹಾಗೆ ಕಾಣ್ತಾರೆ. ನಾವು ಸೋಲುತ್ತಿದ್ದರೆ ಇನ್ನೂ ಬೇಗ ಕಾಣ್ತಾರೆ.

ಹಾಗಂತ ಅನುಮಾನವೇ ತಪ್ಪು ಅಂತಲ್ಲ. 2015ರಲ್ಲಿ ಬ್ರಿಡ್ಜ್ ಆಟದ ಜಗತ್ತಿನಲ್ಲಿ ದೊಡ್ಡ ಗಲಾಟೆಯಾಯಿತು. ಬ್ರಿಡ್ಜ್ ಅಂದರೆ ನಮ್ಮ ಇಪ್ಪತ್ತೆಂಟಿನ ಹಾಗೇ ಎದುರುಬದುರು ಜೋಡಿ ಆಟ. ನಾರ್ವೆಯ ಆಟಗಾರ ಬಾಯ್ ಬ್ರೋಗ್‌ಲ್ಯಾಂಡ್, ಕೆಲವು ಪ್ರಸಿದ್ಧ ಜೋಡಿಗಳು ಮೋಸ ಮಾಡುತ್ತಿವೆ ಅಂತ ಬಹಿರಂಗವಾಗಿ ಹೇಳಿಬಿಟ್ಟ. ಬೇರೆ ಬೇರೆ ದೇಶದವರು ಹಳೇ ವಿಡಿಯೋಗಳನ್ನು ಮತ್ತೆ ಮತ್ತೆ ನೋಡಿ ಸನ್ನೆ ಹುಡುಕಲು ಕೂತರು. ಇಟಲಿಯ ಫಾಂಟೋನಿ–ನೂನೆಸ್ ಜೋಡಿಯ ಮೇಲಿದ್ದ ಆರೋಪ ಏನು ಗೊತ್ತಾ? ಎಲೆಯನ್ನು ಟೇಬಲ್ ಮೇಲೆ ಉದ್ದಕ್ಕೆ ಇಟ್ಟರೆ ಕೈಯಲ್ಲಿ ದೊಡ್ಡ ಎಲೆ ಇದೆ, ಅಡ್ಡಕ್ಕೆ ಇಟ್ಟರೆ ಇಲ್ಲ. ಇಷ್ಟೇ. ಇದನ್ನು ಪತ್ತೆ ಮಾಡಿದ್ದು ಹಾಲೆಂಡಿನ ಒಬ್ಬ ಹವ್ಯಾಸಿ ಆಟಗಾರ್ತಿ, ಮನೆಯಲ್ಲಿ ಕೂತು. ಯುರೋಪಿನ ಬ್ರಿಡ್ಜ್ ಸಂಸ್ಥೆ 2016ರಲ್ಲಿ ಅವರನ್ನು ನಿಷೇಧಿಸಿತು. 2018ರ ಜನವರಿಯಲ್ಲಿ ಕ್ರೀಡೆಗಳ ಅಂತಾರಾಷ್ಟ್ರೀಯ ನ್ಯಾಯಮಂಡಳಿ, ಸಾಕ್ಷ್ಯ ಸಾಲದು ಅಂತ ಆ ನಿಷೇಧವನ್ನು ತೆಗೆದುಹಾಕಿತು. ಅಷ್ಟು ವಿಡಿಯೋ, ಅಷ್ಟು ಲೆಕ್ಕ, ಅಷ್ಟು ತಜ್ಞರು. ಆದರೂ ಸಾಲಲಿಲ್ಲ.

ಇನ್ನೊಂದು ಕೇಸು ಪೋಕರ್‌ನದ್ದೇ. 2022ರ ಸೆಪ್ಟೆಂಬರ್, ಲಾಸ್ ಏಂಜಲೀಸ್ ಬಳಿಯ ಒಂದು ಕ್ಯಾಸಿನೋದಿಂದ ಲೈವ್ ಪ್ರಸಾರವಾಗುತ್ತಿದ್ದ ಆಟ. ಗ್ಯಾರೆಟ್ ಆಡೆಲ್‌ಸ್ಟೀನ್ ಅನ್ನುವ ಪಳಗಿದ ಆಟಗಾರ ತನ್ನೆಲ್ಲ ದುಡ್ಡು ಕಟ್ಟಿದ. ರಾಬಿ ಜೇಡ್ ಲ್ಯೂ ಅನ್ನುವ ಹೊಸ ಆಟಗಾರ್ತಿ ಒಂದು ಗುಲಾಮ, ಒಂದು ನಾಲ್ಕು ಹಿಡಿದುಕೊಂಡು, ಒಂದು ಜೊತೆ ಕೂಡ ತನ್ನದಿಲ್ಲದೆ, ಸರಿ ಅಂದಳು. ಗೆದ್ದಳು. ಒಟ್ಟು 2,69,000 ಡಾಲರ್. ಯಾರೋ ಆಕೆಗೆ ಎಲೆ ತಿಳಿಸುತ್ತಿದ್ದಾರೆ ಅಂತ ಗ್ಯಾರೆಟ್‌ಗೆ ಅನುಮಾನ. ಮಾತುಕತೆ ಆದಮೇಲೆ ಆಕೆ 1,35,000 ಡಾಲರ್ ವಾಪಸ್ ಕೊಟ್ಟಳು. ದುಡ್ಡು ಕೊಟ್ಟದ್ದೇ ತಪ್ಪೊಪ್ಪಿಗೆ ಅಂತ ಅರ್ಧ ಜಗತ್ತು ಹೇಳಿತು. ಹೆದರಿ ಕೊಟ್ಟದ್ದು ಅಂತ ಆಕೆ ಹೇಳಿದಳು. ಆಟ ನಡೆಸುವವರು ಮಾಡಿಸಿದ ತನಿಖೆಯ ವರದಿ ಡಿಸೆಂಬರ್‌ನಲ್ಲಿ ಬಂತು: ಮೋಸಕ್ಕೆ ಪುರಾವೆ ಸಿಕ್ಕಿಲ್ಲ. ಕೆಟ್ಟದಾಗಿ ಆಡಿ ಗೆಲ್ಲುವುದು ಅಪರಾಧವಲ್ಲವಲ್ಲ. ಆದರೂ ಆಕೆಯ ಹೆಸರಿನ ಜೊತೆ ಆ ಕೈ ಅಂಟಿಕೊಂಡೇ ಇದೆ.

ಕ್ಯಾಸಿನೋದ ಚಾವಣಿ ತುಂಬ ಕ್ಯಾಮೆರಾ ಇರ್ತವೆ. ಕಿವಿ ಕೆರೆದುಕೊಂಡದ್ದು ಅದರಲ್ಲಿ ಕಾಣುತ್ತೆ. ಯಾಕೆ ಕೆರೆದುಕೊಂಡ ಅನ್ನೋದು ಕಾಣಲ್ಲ. ನಾನು ಚೆಕ್ ಅಂದದ್ದೂ ರೆಕಾರ್ಡ್ ಆಗಿರುತ್ತೆ. ಅಣ್ಣನ ಮೇಲಿನ ಪ್ರೀತಿಯಿಂದ ಅಂದದ್ದಾ, ಸಂಚಿನಿಂದ ಅಂದದ್ದಾ ಅಂತ ಯಾವ ಕ್ಯಾಮೆರಾ ಹೇಳುತ್ತೆ?

*

ನಮ್ಮ ಕಾನೂನು ಇಸ್ಪೀಟಿನ ಬಗ್ಗೆ ಇಷ್ಟು ವರ್ಷ ಕೇಳಿಕೊಂಡು ಬಂದ ಪ್ರಶ್ನೆ ಬೇರೆಯದು. 1967ರಲ್ಲಿ ಸುಪ್ರೀಂ ಕೋರ್ಟು ಸಿಕಂದರಾಬಾದಿನ ಒಂದು ಕ್ಲಬ್ಬಿನ ಕೇಸಿನಲ್ಲಿ, ಹದಿಮೂರು ಎಲೆಯ ರಮ್ಮಿ ಮುಖ್ಯವಾಗಿ ಕೌಶಲದ ಆಟ, ಮೂರೆಲೆಯ ಆಟದ ಹಾಗೆ ಬರೀ ಅದೃಷ್ಟದ್ದಲ್ಲ ಅಂದಿತು. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಆಡುವುದನ್ನು ಕರ್ನಾಟಕ ಸರ್ಕಾರ 2021ರಲ್ಲಿ ನಿಷೇಧಿಸಿತು, 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟು ಆ ಕಾನೂನಿನ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ಕೌಶಲವೋ ಅದೃಷ್ಟವೋ ಅನ್ನುವ ವ್ಯತ್ಯಾಸವನ್ನೇ ಬದಿಗಿಟ್ಟು ಆನ್‌ಲೈನ್ ದುಡ್ಡಿನಾಟವನ್ನೆಲ್ಲ ನಿಲ್ಲಿಸಿತು. ಕೌಶಲವಾ, ಅದೃಷ್ಟವಾ ಅಂತ ಅರ್ಧ ಶತಮಾನ ವಾದ ನಡೆದಿದೆ. ಟೇಬಲ್‌ನಲ್ಲಿ ಕೂತವನಿಗೆ ಮೂರನೆಯದೊಂದು ಬೇಕು. ಎದುರಿಗೆ ಕೂತ ಎಂಟು ಜನ ಎಂಟು ಜನರಾಗಿಯೇ ಆಡ್ತಿದ್ದಾರೆ ಅನ್ನುವ ನಂಬಿಕೆ. ಅದಿಲ್ಲದಿದ್ದರೆ ಕೌಶಲಕ್ಕೂ ಬೆಲೆ ಇಲ್ಲ, ಅದೃಷ್ಟಕ್ಕೂ ಇಲ್ಲ.

ಧರ್ಮರಾಯನ ಕಥೆಯಲ್ಲಿ ನನಗೆ ಯಾವಾಗಲೂ ವಿಚಿತ್ರ ಅನ್ನಿಸುವುದು ಒಂದು ಜಾಗ. ಪಣ ದುರ್ಯೋಧನನದ್ದು, ದಾಳ ಶಕುನಿಯ ಕೈಯಲ್ಲಿ. ಒಬ್ಬನಿಗಾಗಿ ಇನ್ನೊಬ್ಬ ಆಡುವುದು ಸರಿಯಲ್ಲ ಅಂತ ವ್ಯಾಸರ ಕಥೆಯಲ್ಲಿ ಧರ್ಮರಾಯನೇ ಹೇಳ್ತಾನೆ. ಮುಚ್ಚುಮರೆಯೇ ಇಲ್ಲದ ಶಾಮೀಲು ಅದು, ಅವನ ಕಣ್ಣೆದುರೇ ಇದೆ. ಹೇಳಿದವನು ಎದ್ದು ಹೋಗಲಿಲ್ಲ, ಕೂತು ಆಡಿದ. ನಾವು ಚಿಕ್ಕಂದಿನಲ್ಲಿ ಯಕ್ಷಗಾನ ನೋಡುವಾಗ ಶಕುನಿಗೆ ಬೈದುಕೊಂಡು ಮನೆಗೆ ಬರ್ತಿದ್ದೆವು. ಈಗ ಅನ್ನಿಸುತ್ತೆ, ಅನುಮಾನ ಬಂದವನಿಗೆ ಮೊದಲಿಗೆ ಇರುವ ಹಕ್ಕು ಎದ್ದು ಹೋಗುವುದು. ಅದಕ್ಕೆ ಪುರಾವೆ ಬೇಕಿಲ್ಲ. ಎರಡನೆಯ ಹಕ್ಕು, ನಿಯಮವನ್ನು ಎಲ್ಲರಿಗೂ ಅನ್ವಯಿಸಿ ಅಂತ ಕೇಳುವುದು. ಅದಕ್ಕೂ ಪುರಾವೆ ಬೇಕಿಲ್ಲ. ಆದರೆ ಒಬ್ಬನ ಕಡೆ ಬೆರಳು ತೋರಿಸಿ ನೀನು ಕಳ್ಳ ಅನ್ನುವುದಿದೆಯಲ್ಲ, ಅದಕ್ಕೆ ಮಾತ್ರ ಪುರಾವೆ ಬೇಕು. ನಮ್ಮಪ್ಪ ನೇರ ಅಲ್ಲಿಗೇ ಹೋಗಿದ್ದರು.

ಪುಣೆಯ ಹಿರಿಯರು ಮಾಡಿದ್ದು ಮೊದಲಿನ ಎರಡನ್ನು. ಮ್ಯಾನೇಜರ್‌ಗೆ ಮೆಲ್ಲಗೆ ಹೇಳಿದರು, ಅವನು ನಿಯಮವನ್ನು ಇಡೀ ಟೇಬಲ್‌ಗೆ ಹೇಳಿದ. ಇನ್ನೊಂದೆರಡು ಆಟ ಆದಮೇಲೆ ಅವರು ಚಿಪ್ಸ್ ಎತ್ತಿಕೊಂಡು ಬೇರೆ ಟೇಬಲ್‌ಗೆ ಹೋದರು. ಹೋಗುವಾಗ ನನಗೆ ಗುಡ್ ನೈಟ್ ಕೂಡ ಹೇಳಿದರು. ನನ್ನನ್ನು ಕಳ್ಳ ಅನ್ನಲಿಲ್ಲ. ಅಂದಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ, ಗೆಲ್ಲುತ್ತಲೂ ಇದ್ದೆ. ಅನ್ನಲಿಲ್ಲವಾದ್ದರಿಂದ ಈ ಯೋಚನೆ ನನ್ನ ಹತ್ತಿರವೇ ಉಳಿಯಿತು. ಎದುರು ಕೂತಿದ್ದ ಕನ್ನಡಕದವನು ಮತ್ತು ಟೀ ಶರ್ಟಿನವನ ವಿಷಯ ನಾನು ಯಾರಿಗೂ ಹೇಳಲಿಲ್ಲ.

*

ಬೆಂಗಳೂರಿಗೆ ವಾಪಸ್ ಬಂದ ಮೇಲೆ ನನ್ನನ್ನು ಕಾಡಿದ್ದು ಪೋಕರ್ ಅಲ್ಲ, ಕೆಲವು ವರ್ಷ ಹಿಂದಿನ ಒಂದು ಇಂಟರ್‌ವ್ಯೂ.

ಇದ್ದದ್ದು ಒಂದೇ ಹುದ್ದೆ, ಕೊನೆಗೆ ಉಳಿದವರು ಇಬ್ಬರು. ಒಬ್ಬ ಮೂಡಿಗೆರೆ ಕಡೆಯ ಹುಡುಗ. ಇನ್ನೊಬ್ಬಳು ರಾಯಚೂರು ಜಿಲ್ಲೆಯ ಯಾವುದೋ ಹಳ್ಳಿಯಿಂದ ಬಂದ ಹುಡುಗಿ. ಎಲ್ಲರಿಗೂ ನಾನು ಕೇಳುವ ಒಂದು ಕಷ್ಟದ ಡಿಸೈನ್ ಪ್ರಶ್ನೆ ಇದೆ, ಅದರಲ್ಲಿ ಬಹಳ ಜನ ಎಡವುತ್ತಾರೆ. ಹುಡುಗಿಗೆ ಕೇಳಿದೆ, ಅವಳು ಅರ್ಧಕ್ಕೆ ಎಡವಿದಳು. ಹುಡುಗ ಬಂದು ಕೂತು, ಊರು ಯಾವುದು ಅಂತ ಕೇಳಿದ್ದಕ್ಕೆ ಉತ್ತರ ಹೇಳಿದಾಗ ಅವನ ಮಾತಿನಲ್ಲಿ ನಮ್ಮ ಕಡೆಯ ರಾಗ ಕೇಳಿಸಿತು. ಅವನಿಗೆ ಆ ಪ್ರಶ್ನೆ ಕೇಳಲಿಲ್ಲ. ಟೈಮ್ ಆಗಿಹೋಯ್ತು ಅಂತ ನನಗೆ ನಾನೇ ಹೇಳಿಕೊಂಡೆ. ಮೂರು ರಾಜ ಇಟ್ಟುಕೊಂಡು ಟೇಬಲ್ ತಟ್ಟಿದ್ದೆ.

ಹುಡುಗನಿಗೆ ಕೆಲಸ ಸಿಕ್ಕಿತು. ಒಳ್ಳೇ ಕೆಲಸಗಾರ, ಈಗ ನನಗಿಂತ ಚೆನ್ನಾಗಿ ಕೋಡ್ ಬರೀತಾನೆ. ಆದರೆ ಅವನು ಒಳ್ಳೆಯವನಾದ ಮಾತ್ರಕ್ಕೆ ನಾನು ಮಾಡಿದ್ದು ಸರಿಯಾಗಲ್ಲ. ಅವನಿಗೂ ನನಗೂ ಮುಂಚೆ ಪರಿಚಯವೇ ಇರಲಿಲ್ಲ, ಒಪ್ಪಂದದ ಮಾತು ಎಲ್ಲಿಂದ? ಆದರೂ ಆ ರೂಮಿನಲ್ಲಿ ಎರಡೂವರೆ ಸಾವಿರ ಕಳೆದುಕೊಂಡು ಹೋದವಳು ಆ ಹುಡುಗಿ. ಅವಳಿಗೆ ಅನುಮಾನ ಪಡುವ ಅವಕಾಶ ಕೂಡ ಇರಲಿಲ್ಲ. ಎಲೆ ಬಿಚ್ಚಿ ತೋರಿಸುವ ಪದ್ಧತಿ ನಮ್ಮ ಆಫೀಸಿನಲ್ಲಿಲ್ಲ.

ಇದನ್ನು ಹೇಳಿದಾಗ ಗೆಳೆಯನೊಬ್ಬ ಕೇಳಿದ: "ನಮ್ಮವರಿಗೆ ನಾವು ಮಾಡ್ದೆ ಇನ್ಯಾರು ಮಾಡ್ತಾರೆ ಮಾರಾಯ?" ಸುಲಭಕ್ಕೆ ತಳ್ಳಿಹಾಕುವ ಪ್ರಶ್ನೆ ಅಲ್ಲ ಅದು. ನಾನು ಬಿ.ಇ. ಓದಿದ್ದೇ ನಮ್ಮವರು ಅನ್ನಿಸಿಕೊಂಡವರ ದುಡ್ಡಿನಲ್ಲಿ. ಹಾಸ್ಟೆಲ್ ಫೀಸಿಗೆ ಕಡಿಮೆ ಬಿದ್ದಾಗ ದೊಡ್ಡಪ್ಪ ಮೆಣಸು ಮಾರಿ ಕೊಟ್ಟಿದ್ದರು. ನಮ್ಮವರು ಅನ್ನುವುದೇ ಇಲ್ಲದಿದ್ದರೆ ನಾನು ಇವತ್ತು ಗೋಣಿಬೀಡಿನ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟಿರುತ್ತಿದ್ದೆನೋ ಏನೋ.

ಆದರೆ ದೊಡ್ಡಪ್ಪ ಕೊಟ್ಟದ್ದು ಅವರ ಮೆಣಸು, ಅವರ ದುಡ್ಡು. ನಾನು ಆ ಹುಡುಗನಿಗೆ ಕೊಟ್ಟದ್ದು ನನ್ನದಾಗಿರಲಿಲ್ಲ. ನಾನು ಅವನಿಗೆ ಪುಸ್ತಕ ಕೊಡಿಸಬಹುದಿತ್ತು. ಎರಡು ತಿಂಗಳು ಭಾನುವಾರ ಕೂರಿಸಿಕೊಂಡು ಹೇಳಿಕೊಡಬಹುದಿತ್ತು. ಬಾಡಿಗೆಗೆ ದುಡ್ಡು ಕೊಡಬಹುದಿತ್ತು. ಅದೆಲ್ಲ ನನ್ನ ಜೇಬಿನಿಂದ ಹೋಗುವಂಥದ್ದು. ಬಿಟ್ಟುಬಿಟ್ಟ ಪ್ರಶ್ನೆ ಮಾತ್ರ ರಾಯಚೂರಿನ ಹುಡುಗಿಯ ಜೇಬಿನಿಂದ ಹೋಯ್ತು. ಗೋವಾದಲ್ಲೂ ಅಷ್ಟೇ. ಅಣ್ಣನಿಗೆ ಆರೂವರೆ ಸಾವಿರ ಪ್ರೀತಿಯಿಂದ ಕೊಡಬೇಕು ಅನ್ನಿಸಿದ್ದರೆ ಮನೆಯಲ್ಲೇ ಕೊಡಬಹುದಿತ್ತು. ಮೂರನೆಯವರನ್ನು ಕೂರಿಸಿಕೊಂಡು ಮಾಡುವ ಪ್ರೀತಿಯ ಬಿಲ್ಲು ಯಾರ ಹೆಸರಿಗೆ ಹೋಗುತ್ತೆ ಅಂತ ಒಂದು ಸಲ ನೋಡಿಕೊಳ್ಳಬೇಕು, ಇಷ್ಟೇ ನಾನು ಹೇಳೋದು.

ಹೇಳೋದು ಸುಲಭ. ಅದೇ ವರ್ಷ ನವೆಂಬರ್‌ನಲ್ಲಿ ಅಣ್ಣನ ಹೆಂಡತಿಯ ತಮ್ಮ ನಮ್ಮ ಆಫೀಸಿಗೆ ಇಂಟರ್‌ವ್ಯೂಗೆ ಬಂದ. ಅಣ್ಣ ಫೋನ್ ಮಾಡಿ "ಸ್ವಲ್ಪ ನೋಡ್ಕೊ ಕಣೋ" ಅಂದ. ಅಷ್ಟೇ ಮಾತು. ನಾನು ಅವನಿಗೆ ಮೂರು ವಾರ ರಾತ್ರಿ ಹೊತ್ತು ವಿಡಿಯೋ ಕಾಲ್‌ನಲ್ಲಿ ಹೇಳಿಕೊಟ್ಟೆ. ಮ್ಯಾನೇಜರ್‌ಗೆ "ಅವನು ನಮ್ಮ ಸಂಬಂಧ, ನಾನು ಪ್ಯಾನೆಲ್‌ನಲ್ಲಿ ಕೂರಲ್ಲ" ಅಂದೆ. ಬೇರೆಯವರು ಕೂತರು. ಹುಡುಗ ಆಯ್ಕೆಯಾಗಲಿಲ್ಲ. ನಾನು ಕೂತಿದ್ದರೆ ಆಗ್ತಿತ್ತೇನೋ. ಅಣ್ಣನಿಗೂ ಅದು ಗೊತ್ತು. ಕಾಫಿ ಕೊಯ್ಲು ಮುಗಿಯಿತು, ಈ ಸಲದ ರೇಟು ಎಷ್ಟು ಅಂತ ಅವನ ಫೋನ್ ಬರಲಿಲ್ಲ. ನಾನು ಮಾಡಿದಾಗ ಅತ್ತಿಗೆ ತೆಗೆದು "ತೋಟಕ್ಕೆ ಹೋಗ್ಯಾರೆ" ಅಂದರು. ರಾತ್ರಿ ಎಂಟೂವರೆಗೆ.

ಹೋದ ಸಲ ಊರಿಗೆ ಹೋದಾಗ ಜಗಲಿಯಲ್ಲಿ ಅಪ್ಪನ ಜೊತೆ ಕೂತಿದ್ದೆ. ಪಕ್ಕದ ತೋಟದಲ್ಲಿ ಮೋಟರ್ ಓಡುವ ಸದ್ದು ಕೇಳಿಸ್ತಿತ್ತು. ಇಷ್ಟು ವರ್ಷ ಕೇಳದಿದ್ದನ್ನು ಕೇಳಿದೆ. "ಅಪ್ಪ, ಆವತ್ತು ಅವ್ರು ನಿಜ್ವಾಗೂ ಸನ್ನೆ ಮಾಡಿದ್ರಾ?"

ಅಪ್ಪ ಎಲೆಅಡಿಕೆ ಉಗಿದು ಬಂದು ಕೂತರು. "ಅವ್ನು ಮಾಡಿದ್ನೋ ಇಲ್ವೋ ನಂಗೊತ್ತಿಲ್ಲ. ನಾವು ಮಾಡ್ತಿದ್ವಿ. ನಾನೂ ನಿನ್ ದೊಡ್ಡಪ್ಪನೂ. ಮೂಗು ಮುಟ್ಟಿದ್ರೆ ಕಳಾವರ್."

ಆಮೇಲೆ ತುಂಬ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ. ಮೋಟರ್ ನಿಂತ ಮೇಲೆ ಅಪ್ಪನೇ ಕೇಳಿದರು: "ನಾಳೆ ಪುರಸೊತ್ತಿದ್ಯಾ? ಅವ್ನ ಮನೇಗೆ ಒಂದ್ ಸಲ ಹೋಗ್ಬರಣ. ಒಬ್ನೇ ಹೋಗಕೆ ಕಾಲು ಬರಲ್ಲ."

ಹೋದೆವು. ಅಪ್ಪ ಅಲ್ಲಿ ಏನು ಹೇಳಿದರು ಅನ್ನೋದು ಅವರಿಬ್ಬರ ವಿಷಯ, ಅದನ್ನ ಇಲ್ಲಿ ಬರೆಯಲ್ಲ. ಬರುವಾಗ ದಾರಿಯಲ್ಲಿ ಅಣ್ಣನ ಮನೆ ಸಿಗುತ್ತೆ. ಗೇಟಿನ ಹತ್ತಿರ ಕಾರು ನಿಧಾನ ಮಾಡಿದೆ. ಒಳಗೆ ದೀಪ ಇತ್ತು.